ಎಂಜಿನ್ ಬಿಚ್ಚುವ ಮೊದಲು ಕಿವಿಗೊಡಿ

ಕಳೆದ ದೀಪಾವಳಿ ರಜೆಗೆ ಹಿರೇಕೆರೂರಿಗೆ ಹೋದಾಗ ಬ್ಯಾಗು ಇಳಿಸುವ ಮೊದಲೇ ಕಾಕಾ ನನ್ನನ್ನು ಕಾರಿನ ಹತ್ತಿರ ಕರೆದೊಯ್ದರು. ಬಾನೆಟ್ ಎತ್ತಿ ಚಾವಿ ತಿರುಗಿಸಿದರು. ಎಂಜಿನ್ನಿನ ಮೇಲ್ಭಾಗದಿಂದ ಹೊಲಿಗೆ ಯಂತ್ರದಂತೆ ಟಕಟಕ ಟಕಟಕ ಎಂಬ ಸದ್ದು. ‘ನೀ ಮೆಕ್ಯಾನಿಕಲ್ ಓದಾಕತ್ತೀಯಲ್ಲ, ಇದೇನಂತ ಹೇಳು ನೋಡೂಣು’ ಎಂದರು.

ದಾವಣಗೆರೆಯಲ್ಲಿ ಬಿಇ ಐದನೇ ಸೆಮಿಸ್ಟರ್ ಓದುತ್ತಿರುವ ನನಗೆ ಅದೇನೆಂದು ಗೊತ್ತಾಗಲಿಲ್ಲ.

ಆ ಕಾರು ಬಾಡಿಗೆಗೆ ಓಡುವುದು. ರಾಣೆಬೆನ್ನೂರು, ದಾವಣಗೆರೆ, ಶಿವಮೊಗ್ಗದ ಆಸ್ಪತ್ರೆಗಳಿಗೆ ಊರಿನವರನ್ನು ಕರೆದೊಯ್ಯುವುದೇ ಅದರ ಮುಖ್ಯ ಕೆಲಸ. ಮೆಕ್ಕೆಜೋಳದ ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ಪಟ್ಟಣದ ಒಂದು ಗ್ಯಾರೇಜಿನವರು ಎಂಜಿನ್ನಿನ ಮೇಲ್ಭಾಗ ಬಿಚ್ಚಿ 16 ಲಿಫ್ಟರ್‌ಗಳನ್ನೂ ಬದಲಿಸಬೇಕು, 38 ಸಾವಿರ ಆಗುತ್ತದೆ ಎಂದು ಕೂತಲ್ಲೇ ಹೇಳಿದ್ದರು. ಬಸ್ ಸ್ಟ್ಯಾಂಡಿನ ಡ್ರೈವರುಗಳು ‘ಟ್ಯಾಪೆಟ್ ಸೆಟ್ಟಿಂಗ್ ಮಾಡಿಸು, ಮುನ್ನೂರು ರೂಪಾಯಿದಾಗ ಮುಗೀತೈತಿ’ ಎಂದಿದ್ದರು. ಕಾಕಾ ಬಡ್ಡಿ ಸಾಲ ಎತ್ತುವ ಲೆಕ್ಕದಲ್ಲಿದ್ದರು. ಎರಡು ಮಾತೂ ತಪ್ಪೆಂದು ಹೇಳುವ ಧೈರ್ಯ ನನಗಿರಲಿಲ್ಲ. ಪರೀಕ್ಷೆಯಲ್ಲಿ ಹೈಡ್ರಾಲಿಕ್ ಲಿಫ್ಟರ್ ಚಿತ್ರ ಬಿಡಿಸಿ ಪೂರ್ತಿ ಅಂಕ ತೆಗೆದುಕೊಂಡವನು ನಾನು!

ಡ್ರೈವರುಗಳ ಮಾತು ಯಾಕೆ ತಪ್ಪು ಎಂದರೆ, ಬಿಸಿಯಾದಾಗ ವಾಲ್ವ್ ಹಿಗ್ಗುತ್ತದೆ. ಆ ಹಿಗ್ಗುವಿಕೆಗಾಗಿ ಹಳೆಯ ಎಂಜಿನ್‌ಗಳಲ್ಲಿ, ಇಂದಿನ ಅನೇಕ ಟ್ರ್ಯಾಕ್ಟರ್‌ಗಳಲ್ಲಿಯೂ, ಒಂದಿಷ್ಟು ಸಂದು ಬಿಟ್ಟಿರುತ್ತಾರೆ. ಸವೆದಂತೆ ಸಂದು ಹೆಚ್ಚಿ ಸದ್ದು ಬರುತ್ತದೆ. ಫೀಲರ್ ಗೇಜ್ ಇಟ್ಟು ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ. ಕಾಕಾನ ಕಾರಿನಲ್ಲಿ ಇರುವುದು 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್. ಫಿಯೆಟ್ 2003ರಲ್ಲಿ ತಂದ ಈ ಎಂಜಿನ್ ನಮ್ಮಲ್ಲಿ ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ ಹೀಗೆ ಎಷ್ಟೋ ಕಾರುಗಳಲ್ಲಿ ಓಡಿತು. 2020ರಲ್ಲಿ ಬಿಎಸ್-6 ನಿಯಮ ಬಂದಾಗ ನಿಂತಿತು. ಇದರಲ್ಲಿ ತಿರುಗಿಸಲು ಸ್ಕ್ರೂವೇ ಇಲ್ಲ. ಸಂದನ್ನು ಎಣ್ಣೆಯೇ ತುಂಬುತ್ತದೆ.

ಹೇಗೆಂದು ತಿಳಿಯಲು ಒಂದು ಸಿರಿಂಜ್ ಸಾಕು. ಅದರ ತುಂಬ ನೀರೆಳೆದು, ತುದಿಗೆ ಬೆರಳು ಒತ್ತಿ, ಹಿಂದಿನಿಂದ ತಳ್ಳಿ ನೋಡಿ. ಅಲ್ಲಾಡುವುದಿಲ್ಲ. ಒಳಗೆ ಒಂದು ಗುಳ್ಳೆ ಗಾಳಿ ಬಿಟ್ಟು ತಳ್ಳಿದರೆ ಮೆತ್ತಗೆ ಒಳಹೋಗುತ್ತದೆ. ಲಿಫ್ಟರ್ ಒಳಗೂ ಹೀಗೆಯೇ: ಒಂದು ಸಣ್ಣ ಪ್ಲಂಜರ್, ಕೆಳಗೆ ಸ್ಪ್ರಿಂಗ್, ಎಣ್ಣೆ ವಾಪಸ್ ಹೋಗದಂತೆ ತಡೆಯುವ ಒಂದು ಗುಂಡು. ಎಣ್ಣೆ ತುಂಬಿದ್ದರೆ ಅದು ಕಲ್ಲಿನಷ್ಟು ಗಟ್ಟಿ. ಎಣ್ಣೆ ಬಾರದಿದ್ದರೆ, ಗಾಳಿ ಸೇರಿದರೆ, ಇಲ್ಲವೇ ಗುಂಡಿನ ಕೆಳಗೆ ಕಸ ಸಿಕ್ಕಿಕೊಂಡರೆ ಪ್ಲಂಜರ್ ಕುಸಿಯುತ್ತದೆ. ಆಗ ಲೋಹಕ್ಕೆ ಲೋಹ ಬಡಿಯುತ್ತದೆ.

ಕೊನೆಗೆ ನಾವು ಹೋಗಿದ್ದು ನಮ್ಮೂರಿನ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ. ತಗಡಿನ ಶೆಡ್ಡು, ಬೋರ್ಡೂ ಇಲ್ಲ. ಅವರು ಪಾನಾ ಮುಟ್ಟಲಿಲ್ಲ. ‘ಆಯಿಲ್ ಯಾವಾಗ ಬದಲಿ ಮಾಡಿಸೀದಿ?’ ಎಂದು ಮೊದಲು ಕೇಳಿದರು. ಕಾಕಾ ನೆಲ ನೋಡಿದರು. ಗಡುವು ಮುಗಿದು ಎಂಟು ಸಾವಿರ ಕಿಲೋಮೀಟರ್ ದಾಟಿತ್ತು. ನಡುವೆ ಮಟ್ಟ ಇಳಿದಾಗ ಟ್ರ್ಯಾಕ್ಟರಿಗೆ ತಂದಿಟ್ಟಿದ್ದ ದಪ್ಪ ಆಯಿಲ್ ಸುರಿದಿದ್ದರು. ರೈತರ ಮನೆಯಲ್ಲಿ ಕೈಗೆ ಸಿಗುವುದು ಅದೇ ತಾನೆ.

ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ತಿಕ್ಕಿ ನೋಡಿದ ಮೇಸ್ತ್ರಿ, ಕಾರನ್ನು ರಾತ್ರಿ ಅಲ್ಲೇ ಬಿಟ್ಟು ಹೋಗಿ ಎಂದರು. ‘ಬಿಸಿ ಎಂಜಿನ್ ಸುಳ್ಳು ಹೇಳತೈತಿ. ಮುಂಜಾನೆ ತಣ್ಣಗಿದ್ದಾಗ ಕೇಳೂಣು.’

ಮುಂಜಾನೆ ಆರಕ್ಕೆ ಸ್ಟಾರ್ಟ್ ಮಾಡಿದರು. ರಾತ್ರಿ ಎಣ್ಣೆ ಕೆಳಗಿಳಿದು, ಎರಡು ಮೂರು ಸೆಕೆಂಡು ಸದ್ದು ಬಂದು ನಿಂತರೆ ಅದು ರೋಗವಲ್ಲ. ಇಲ್ಲಿ ಬಿಸಿಯಾದ ಮೇಲೂ ನಿಲ್ಲಲಿಲ್ಲ. ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರುತ್ತಿದ್ದರೂ ಟಕಟಕ ಎನ್ನುತ್ತದೆ, ಆದರೆ ಅದು ಸಾಮಾನ್ಯವಾಗಿ ಬಿಸಿಯಾದಂತೆ ಕಡಿಮೆಯಾಗುತ್ತದೆ. ನಾನು ನನ್ನ ಜಾಣತನ ತೋರಿಸಿದೆ: ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಪ್ರತಿ ವಾಲ್ವ್ ಒಮ್ಮೆ ತೆರೆಯುತ್ತದೆ, 800 ಆರ್‌ಪಿಎಂನಲ್ಲಿ ನಿಮಿಷಕ್ಕೆ 400 ಬಡಿತ, ಎಣಿಸಿದರೆ ಗೊತ್ತಾಗುತ್ತದಲ್ಲವೇ ಎಂದೆ. ಮೇಸ್ತ್ರಿ ನಕ್ಕರು. ‘ಇಂಜೆಕ್ಟರೂ ಎರಡು ಸುತ್ತಿಗೆ ಒಮ್ಮೆನ ಬಡೀತೈತಿ ತಮ್ಮಾ. ಎಣಿಸಿ ಏನ್ ಮಾಡ್ತಿ?’

ಹೌದಲ್ಲ! ಲೆಕ್ಕ ಸರಿಯಿತ್ತು, ಉಪಯೋಗಕ್ಕೆ ಬರಲಿಲ್ಲ.

ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಇಂಜೆಕ್ಟರಿನ ಬುಡಕ್ಕೆ, ಆಮೇಲೆ ವಾಲ್ವ್ ಕವರಿನ ಉದ್ದಕ್ಕೂ ಇಟ್ಟು ಹಿಡಿಕೆಗೆ ಕಿವಿಯಾನಿಸಿದರು. ಮೂರನೇ ಸಿಲಿಂಡರಿನ ಮೇಲೆ ಸದ್ದು ಚೂಪಾಗಿತ್ತು. ನನಗೂ ಕೊಟ್ಟರು. (ನೀವು ಮಾಡುವುದಾದರೆ ಟವೆಲ್, ಸಡಿಲ ತೋಳು ಬೆಲ್ಟಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ.) ಲಿಫ್ಟರಿನ ಸದ್ದು ಎಂಜಿನ್ನಿನ ಮೇಲೆ ಕೇಳುತ್ತದೆ, ತೆಳುವಾಗಿರುತ್ತದೆ. ಕೆಳಗಿನಿಂದ ಗುದ್ದಿದಂತೆ ಕೇಳಿ, ಏರು ಹತ್ತುವಾಗ ಜೋರಾದರೆ ಅದು ಬೇರಿಂಗು. ಆಗ ಕಾರು ಓಡಿಸಲೇಬಾರದು.

ಇಷ್ಟಾದರೂ ಅವರು ಬಿಚ್ಚಲಿಲ್ಲ. ಆಯಿಲ್ ಪ್ರೆಷರ್ ಸ್ವಿಚ್ ತೆಗೆದು ಆ ಜಾಗಕ್ಕೆ ಗೇಜ್ ಕೂರಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಒತ್ತಡ ನೋಡಿದರು. ಸರಿಯಾಗಿತ್ತು. ಅಂದರೆ ಪಂಪು, ಬೇರಿಂಗು ಚೆನ್ನಾಗಿವೆ. ಹಳಸಿದ, ದಪ್ಪಗಾದ ಎಣ್ಣೆ ಲಿಫ್ಟರಿನ ಸಣ್ಣ ರಂಧ್ರಕ್ಕೆ ಹೋಗಲು ಒದ್ದಾಡುತ್ತಿದೆ. ‘ಪ್ರೆಷರ್ ಇಲ್ಲದಿದ್ರ ಹೊಸಾವು ಹದಿನಾರು ಹಾಕಿದ್ರೂ ಟಕಟಕ ಅಂತಾವ’ ಎಂದರು. 38 ಸಾವಿರ ಹೇಳಿದವರು ಈ ಗೇಜ್ ಹಚ್ಚಿರಲಿಲ್ಲ, ಆಯಿಲ್ ಬಗ್ಗೆ ಕೇಳಿಯೂ ಇರಲಿಲ್ಲ.

ಮಾಡಿದ್ದು ಇಷ್ಟೇ. ಬಿಸಿ ಇದ್ದಾಗಲೇ ಹಳೆ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಆಯಿಲನ್ನು ಗುರುತಿನ ತನಕ ಮಾತ್ರ ಹಾಕಿದರು. ಹೆಚ್ಚಾದರೂ ಕ್ರ್ಯಾಂಕ್ ಕಡೆದು ನೊರೆ ಬರುತ್ತದೆ, ಗಾಳಿ ಸೇರುತ್ತದೆ. ಫ್ಲಶ್ ಹಾಕೋಣವೇ ಎಂದಾಗ ಬೇಡವೆಂದರು. ಗಟ್ಟಿಯಾದ ಕೆಸರು ಒಮ್ಮೆಲೇ ಕಿತ್ತುಬಂದು ಕೆಳಗಿನ ಜಾಲರಿಗೆ ಕೂತರೆ ಎಂಜಿನ್ನೇ ಹೋದೀತು. 1,500 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಎಣ್ಣೆ, ಫಿಲ್ಟರ್ ಬದಲಿಸಬೇಕು. ಆಗಲೂ ಸದ್ದು ಉಳಿದರೆ ಬಿಚ್ಚಿ, ಹೆಬ್ಬೆರಳಲ್ಲಿ ಒತ್ತಿದಾಗ ಸ್ಪಂಜಿನಂತೆ ಮೆತ್ತಗಾಗುವ ಲಿಫ್ಟರ್ ಹುಡುಕಬೇಕು ಎಂದರು. ಸದ್ದು ಅಂದೇ ಹೋಗಲಿಲ್ಲ. ನಾಲ್ಕನೇ ದಿನ ಹೋಯಿತು. ಚಳಿಯ ಮುಂಜಾನೆ ಈಗಲೂ ಒಂದೆರಡು ಸೆಕೆಂಡು ಬರುತ್ತದಂತೆ.

ನನ್ನನ್ನು ಕಾಡಿದ್ದು ಬಿಲ್ಲು. ಆಯಿಲ್, ಫಿಲ್ಟರಿನ ಬೆಲೆ, ಕೂಲಿ 250 ರೂಪಾಯಿ. ಮುಂಜಾನೆ ಆರಕ್ಕೆ ಬಂದು ಕಿವಿಗೊಟ್ಟಿದ್ದಕ್ಕೆ, ಗೇಜ್ ಹಚ್ಚಿದ್ದಕ್ಕೆ, ಎಂಜಿನ್ ಬಿಚ್ಚದೆ ಉಳಿಸಿದ್ದಕ್ಕೆ ಏನೂ ಇಲ್ಲ. ನಮ್ಮಲ್ಲಿ ಬಿಡಿಭಾಗಕ್ಕೆ ದುಡ್ಡುಂಟು, ದೋಷ ಹುಡುಕುವುದಕ್ಕಿಲ್ಲ. ಹೀಗಿರುವಾಗ ಗ್ಯಾರೇಜುಗಳು ಬಿಡಿಭಾಗ ಮಾರದೆ ಇನ್ನೇನು ಮಾಡುತ್ತವೆ? ವೈದ್ಯರಿಗೆ ಔಷಧಿ ಬರೆಯುವ ಮೊದಲೇ ಫೀಸು ಕೊಡುತ್ತೇವೆ. ಮೇಸ್ತ್ರಿ ‘ನೋಡಿದ್ದಕ್ಕೆ 300’ ಎಂದರೆ ಜಗಳಕ್ಕೆ ಹೋಗುತ್ತೇವೆ. ನೋಡಿದ್ದಕ್ಕೂ ದರ ಇರಬೇಕು, ಅದನ್ನು ಬಿಲ್ಲಿನಲ್ಲಿ ಬರೆಯಬೇಕು ಎನ್ನುವುದು ನನ್ನ ವಾದ.

ಕಾಲೇಜಿನಲ್ಲಿಯೂ ಇದೇ ಕಥೆ. ನಮ್ಮ ಲ್ಯಾಬಿನಲ್ಲಿ ಅರ್ಧ ಕೊಯ್ದು ಬಣ್ಣ ಬಳಿದ ಎಂಜಿನ್ ಇದೆ. ಅದು ಸದ್ದು ಮಾಡುವುದಿಲ್ಲ. ಭಾಗಗಳ ಹೆಸರು ಹೇಳಿದರೆ ಅಂಕ. ಒಂದು ಹಳೇ ಎಂಜಿನ್ ತಂದು, ಬೇಕೆಂದೇ ಕೆಡಿಸಿಟ್ಟು, ‘ಬಿಚ್ಚದೆ ಹೇಳಿ’ ಎನ್ನುವ ಒಂದು ಪ್ರಯೋಗ ಇಟ್ಟರೆ ಎಷ್ಟು ಖರ್ಚಾದೀತು? ಎಲ್ಲ ಎಲೆಕ್ಟ್ರಿಕ್ ಆಗುವಾಗ ಲಿಫ್ಟರ್ ಯಾಕೋ ಎಂದು ರೂಮಿನ ಗೆಳೆಯ ನಗುತ್ತಾನೆ. ಬ್ಯಾಟರಿ ಗಾಡಿ ನಿಂತಾಗಲೂ ಪೂರ್ತಿ ಪ್ಯಾಕ್ ಬದಲಿಸಿ ಎನ್ನುವವರು ಇರುತ್ತಾರೆ, ಯಾವ ಸೆಲ್ ಎಂದು ಹುಡುಕುವವರು ಬೇಕಾಗುತ್ತಾರೆ ಎಂದು ನಾನೂ ಬಿಡದೆ ಜಗಳಾಡುತ್ತೇನೆ.

ಅವತ್ತು ಕಾಕಾ ಕೂಲಿಯ ಮೇಲೆ 500 ರೂಪಾಯಿ ಹೆಚ್ಚಿಗೆ ಕೊಡಲು ಹೋದರು. ‘ಏನೂ ಬಿಚ್ಚೇ ಇಲ್ಲಲ್ಲೋ, ಎದಕ್ಕ?’ ಎಂದು ಮೇಸ್ತ್ರಿ ಕಾಕಾನ ಅಂಗಿ ಕಿಸೆಗೇ ವಾಪಸ್ ತುರುಕಿದರು. ಮುಂದಿನ ರಜೆಗೆ ಹತ್ತು ದಿನ ಶೆಡ್ಡಿಗೆ ಬರುತ್ತೇನೆ ಎಂದು ಅವರಿಗೆ ಹೇಳಿಬಂದಿದ್ದೇನೆ. ಆರಕ್ಕೆ ಬರಬೇಕಂತೆ.