ಕಳೆದುಹೋದ ಹುಡುಗನನ್ನು ಹುಡುಕಿದವರು ಯಾರು?

ಈಚೆಗೆ ಒಂದು ಇಂಗ್ಲಿಷ್ ಕಾದಂಬರಿ ಓದಿದೆ, 'ಕ್ಯಾಚಿಂಗ್ ಟೆಲ್ಲರ್ ಕ್ರೋ' ಅಂತ. ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಆಂಬೆಲಿನ್ ಮತ್ತು ಎಝಿಕಿಯಲ್ ಕ್ವಾಯ್‌ಮುಲಿನಾ ಎಂಬ ಒಡಹುಟ್ಟಿದವರು ಸೇರಿ ಹದಿಹರೆಯದವರಿಗಾಗಿ ಬರೆದದ್ದು, 2018ರಲ್ಲಿ. ಕಥೆ ಹೇಳುವ ಹುಡುಗಿ ಸತ್ತುಹೋಗಿದ್ದಾಳೆ. ಪೊಲೀಸ್ ಆಗಿರುವ ಅಪ್ಪನಿಗೆ ಮಾತ್ರ ಕಾಣಿಸುತ್ತಾಳೆ. ಮಗಳನ್ನು ಕಳಕೊಂಡು ಕುಸಿದ ಅಪ್ಪ ಒಂದು ಪ್ರಕರಣದ ಬೆನ್ನು ಹತ್ತಿದರೆ, ಅದರ ಬುಡದಲ್ಲಿ ಮೂಲನಿವಾಸಿ ಹುಡುಗಿಯರಿಗಾದ ಅನ್ಯಾಯ ಹೂತಿರುತ್ತದೆ.

ಓದಿ ಮುಗಿಸಿದಾಗ ನನಗೆ ನೆನಪಾದದ್ದು ನಮ್ಮ ಕೊರಗಜ್ಜ!

ನಮ್ಮದು ಕಡಬದ ಹತ್ತಿರದ ಹಳ್ಳಿ. ಆಗ ಅದು ಪುತ್ತೂರು ತಾಲೂಕಿಗೇ ಸೇರಿತ್ತು. ಗುಡ್ಡೆಗೆ ಬಿಟ್ಟ ದನ ಸಂಜೆ ಬಾರದಿದ್ದರೆ, ಕಿವಿಯ ಬೆಂಡೋಲೆ ಕಾಣದಿದ್ದರೆ ಅಜ್ಜಿ ಕಣ್ಮುಚ್ಚಿ "ಅಜ್ಜಾ, ಸಿಕ್ಕಿದರೆ ಚಕ್ಕುಲಿ, ವೀಳ್ಯ ಇಡುತ್ತೇನೆ" ಅನ್ನುತ್ತಿದ್ದರು. ಎಷ್ಟೋ ಸಲ ಸಿಗುತ್ತಿತ್ತು ಕೂಡಾ. ಪುತ್ತೂರು, ಸುಳ್ಯದ ಕಡೆ ಇದನ್ನು ಕೇಳದೆ ಬೆಳೆದ ಮಕ್ಕಳಿಲ್ಲ.

ಆದರೆ ಅಜ್ಜ ಯಾರು? ಅವನು ತನಿಯ, ಕೊರಗರ ಹುಡುಗ. ನಾನು ಕೇಳಿದ ಕಥೆಯಲ್ಲಿ ಅವನು ತಂದೆತಾಯಿ ಇಲ್ಲದವನು. ಮೈರಕ್ಕೆ ಬೈದೆದಿ ಸಾಕಿ ಬೆಳೆಸುತ್ತಾಳೆ. ಗುಡಿಗೆ ಮುಟ್ಟಿಸಬೇಕಾದ, ಏಳು ಜನ ಹೊರುವ ಹೊರೆಯನ್ನು ಅವನೊಬ್ಬನೇ ಹೊತ್ತು ತರುತ್ತಾನೆ. ಹೊರೆ ಒಳಗೆ ಹೋಗುತ್ತದೆ, ಹೊತ್ತವನು ಹೊರಗೆ. ಸಾಕುತಾಯಿಗೆಂದು ಮಾದಳದ ಹಣ್ಣು ಕೀಳಲು ಗುಡಿಯ ಮೇಲೆ ಕಾಲಿಟ್ಟು ಕೈ ಚಾಚುತ್ತಾನೆ. ಮಾಯವಾಗುತ್ತಾನೆ.

ಅಷ್ಟೇ. ಮಾಯ.

ಚಿಕ್ಕಂದಿನಲ್ಲಿ ಇದು ಪವಾಡವಾಗಿ ಕಂಡಿತ್ತು. ಈಗ ಪತ್ತೇದಾರಿ ಕಥೆಯ ಕಣ್ಣಲ್ಲಿ ನೋಡಿ. ಒಳಗೆ ಬರಬಾರದೆಂದು ತಡೆದ ಜಾಗದಲ್ಲೇ ಒಬ್ಬ ಹುಡುಗ ಕಾಣೆಯಾಗಿದ್ದಾನೆ. ಅವತ್ತು ಅಲ್ಲಿದ್ದವರು ಯಾರು? ಮೈರಕ್ಕೆ ಎಷ್ಟು ರಾತ್ರಿ ಬಾಗಿಲು ತೆರೆದಿಟ್ಟು ಕಾದಳು? ನಾವು ಕೇಳಲೇ ಇಲ್ಲ. ಏನೋ ಆಯಿತೆಂದು ನಾನು ಸಾಧಿಸಲು ಹೊರಟಿಲ್ಲ, ನಂಬುವವರ ನಂಬಿಕೆ ಕೆಡಿಸುವ ಆಸೆಯೂ ಇಲ್ಲ. ನಾನೂ ಕೈ ಮುಗಿಯುವವನೇ. ಆದರೆ ತುಳುನಾಡಿನ ದೈವಗಳಲ್ಲಿ ಎಷ್ಟೋ ಮಂದಿ ಅನ್ಯಾಯ ಉಂಡವರು. ಕಾರ್ಕಳದಲ್ಲಿ ಕೈಕಾಲು ಕಡಿಸಿಕೊಂಡ ಕಲ್ಕುಡ, ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಿನಲ್ಲಿ ಮಡಿದ ಕೋಟಿ ಚೆನ್ನಯರು. ಅವರ ಪಾಡ್ದನಗಳಲ್ಲಿ ಅನ್ಯಾಯ ಮಾಡಿದವರಿಗೆ ಹೆಸರಿದೆ. ತನಿಯನ ಕಥೆಯಲ್ಲಿ ಮಾತ್ರ 'ಮಾಯ' ಎಂಬ ಒಂದೇ ಶಬ್ದ.

ಇನ್ನೊಂದು ನೆನಪು ಹೇಳಲೇಬೇಕು. ಬುಟ್ಟಿ ಮಾರಲು ಒಬ್ಬ ಕೊರಗ ಮುದುಕರು ನಮ್ಮ ಮನೆಗೆ ಬರುತ್ತಿದ್ದರು. ಅವರಿಗೆ ಊಟ ಅಂಗಳದಾಚೆ, ಬಾಳೆಲೆಯಲ್ಲಿ. ಬಡಿಸುತ್ತಿದ್ದದ್ದು ಅದೇ ನನ್ನ ಅಜ್ಜಿ. ಚಕ್ಕುಲಿ ಇಡುವ ಕೈ ಅದೇ, ಅನ್ನ ದೂರದಿಂದ ಹಾಕುವ ಕೈಯೂ ಅದೇ. ಅಜ್ಜಿ ಕೆಟ್ಟವರಾಗಿರಲಿಲ್ಲ, ನನಗೆ ಬಹಳ ಪ್ರೀತಿಯವರು. ಅದಕ್ಕೇ ಇದನ್ನು ಬರೆಯುವುದು ಕಷ್ಟ.

ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ರೋಗ, ಅನಿಷ್ಟಗಳನ್ನು ಅವರಿಗೆ ದಾಟಿಸುವ ಅಜಲು ಪದ್ಧತಿಯನ್ನು ಕಾಯ್ದೆ ಮಾಡಿ ನಿಷೇಧಿಸಿದ್ದು 2000ನೇ ಇಸವಿಯಲ್ಲಿ. ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷದ ಮೇಲೆ! ರಾಜ್ಯದಲ್ಲಿ ಕೊರಗರ ಸಂಖ್ಯೆ 2011ರ ಜನಗಣತಿಯಲ್ಲಿ 15 ಸಾವಿರವನ್ನೂ ಮುಟ್ಟಲಿಲ್ಲ. ನಾವು ಕಳಕೊಂಡದ್ದನ್ನೆಲ್ಲಾ ಹುಡುಕಿಕೊಡುವ ಹುಡುಗನ ಜನರೇ ಕಣ್ಣೆದುರು ಕಡಿಮೆಯಾದರೆ ಹುಡುಕುವವರು ಯಾರು?

2022ರಲ್ಲಿ 'ಕಾಂತಾರ' ಬಂದ ಮೇಲೆ ನಮ್ಮ ದೈವಗಳ ಬಗ್ಗೆ ಎಲ್ಲರಿಗೂ ಕುತೂಹಲ. ಸಂತೋಷವೇ. ನನ್ನ ಅಭಿಪ್ರಾಯ ಇಷ್ಟೇ: ಹೈಸ್ಕೂಲು ಮಕ್ಕಳಿಗೆ ತನಿಯನ ಕಥೆ ಹೇಳುವಾಗ ಪವಾಡಕ್ಕೆ ನಿಲ್ಲಿಸಬೇಡಿ. ಅವನನ್ನು ಒಳಗೆ ಬಿಡದ ಬಾಗಿಲನ್ನೂ ಹೇಳಿ, ಕಾದ ತಾಯಿಯನ್ನೂ ಹೇಳಿ. ಅದಕ್ಕಿಂತ ಮುಖ್ಯ, ಕೊರಗರ ಹುಡುಗನೋ ಹುಡುಗಿಯೋ ಈ ಕಥೆಯನ್ನು ತಮ್ಮದೇ ಮಾತಲ್ಲಿ ಬರೆದ ದಿನ ನಾವು ಸುಮ್ಮನೆ ಕೂತು ಓದಬೇಕು.

ನಿಮ್ಮ ಊರಲ್ಲಿ ಈ ಕಥೆ ಹೇಗೆ ಹೇಳುತ್ತಾರೆ? ತಿಳಿಸ್ತೀರಲ್ವಾ?