ಮುರಿದ ಮದುವೆಯ ಮಾತುಕತೆಗೆ ಮಠದಲ್ಲೊಂದು ಕೋಣೆ

ನಮ್ಮ ರಬಕವಿ-ಬನಹಟ್ಟಿ ಕಡೆ ಗಂಡ-ಹೆಂಡಿರ ಜಗಳ ಹೊಸ್ತಿಲು ದಾಟಿದರೆ ಮೊದಲು ಓಣಿಯ ಹಿರಿಯರ ಹತ್ತಿರ ಬರುತ್ತದೆ. ಅಲ್ಲಿ ಬಗೆಹರಿಯದಿದ್ದರೆ ದೈವದ ಮುಂದೆ, ಅಲ್ಲಿಂದ ಮಠಕ್ಕೆ. ಕೋರ್ಟು ಕೊನೆಯದು. ಇದನ್ನು ಹಳೆಯ ಪದ್ಧತಿಯೆಂದು ತೆಗೆದುಹಾಕುವ ಪೈಕಿ ನಾನಲ್ಲ. ನೇಕಾರರ ಮನೆಯಲ್ಲಿ ಅವನು ಮಗ್ಗದ ಮೇಲೆ ಕೂತರೆ ಅವಳು ಕಂಡಿಕೆ ಸುತ್ತಬೇಕು; ಇಬ್ಬರೂ ಮಾತು ಬಿಟ್ಟರೆ ಮಗ್ಗವೇ ನಿಲ್ಲುತ್ತದೆ. ಹಿರಿಯರು ಅವಸರ ಮಾಡಿ ರಾಜಿ ಮಾಡಿಸಿದ್ದಕ್ಕೆ ಕಾರಣವಿತ್ತು.

ಈಗ ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ, ಸೊಸೆ ತವರಿನಲ್ಲಿ. ರಾಜಿಗೆಂದು ಕೂಡುವವರು ಎರಡೂ ಕಡೆಯ ಬೀಗರು ಮಾತ್ರ. ಕೊಟ್ಟ ಬಂಗಾರದ ಲೆಕ್ಕ, ಮದುವೆ ಖರ್ಚಿನ ಲೆಕ್ಕ, ಯಾರು ಯಾರಿಗೆ ಏನಂದರು ಎಂಬ ಲೆಕ್ಕ ನಡೆಯುತ್ತದೆ. ಬಾಳಬೇಕಾದವರು ಅಥವಾ ಬಿಡಬೇಕಾದವರು ಅಲ್ಲಿ ಇರುವುದೇ ಇಲ್ಲ. ಇದ್ದರೂ ಹೆಣ್ಣುಮಗಳನ್ನು ಕೊನೆಗೆ ಕರೆದು, 'ಹೂಂ ಅನ್ನವಾ' ಎಂದು ಕೇಳುವುದಷ್ಟೇ.

ಈ ಕಾರಣಕ್ಕೆ ನಮ್ಮ ಮಠಗಳು ಆನ್‌ಲೈನ್ ಮಧ್ಯಸ್ಥಿಕೆಯ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಹೇಳುತ್ತೇನೆ. ಒಂದುಗೂಡಿಸುವುದಕ್ಕೆ ಮಾತ್ರವಲ್ಲ, ಬೇರೆಯಾಗುವುದೇ ಸರಿಯೆಂದು ಇಬ್ಬರಿಗೂ ಅನ್ನಿಸಿದಾಗ ಮರ್ಯಾದೆಯಿಂದ ಬೇರೆಯಾಗಲು ಸಹ. ಎರಡನೆಯ ಮಾತಿಗೆ ಕೆಲವರು ಹುಬ್ಬೇರಿಸಬಹುದು. ಮಹಾದೇವಿಯಕ್ಕ ಕೌಶಿಕನನ್ನು ಷರತ್ತಿನ ಮೇಲೆ ಮದುವೆಯಾಗಿ, ಷರತ್ತು ಮುರಿದಾಗ ಅರಮನೆ ಬಿಟ್ಟು ನಡೆದಳೆಂದು ಹರಿಹರನ ರಗಳೆ ಹೇಳುತ್ತದೆ. (ಮದುವೆಯೇ ಆಗಲಿಲ್ಲವೆಂದು ಚಾಮರಸ. ಆ ವಾದ ಇಲ್ಲಿ ಬೇಡ.) ಅಕ್ಕನ ಜಯಂತಿ ಮಾಡುವ ನಾವು ಗಂಡನ ಮನೆ ಬಿಟ್ಟುಬಂದ ಮಗಳನ್ನು ಜಾತ್ರೆಯಲ್ಲಿ ಕಂಡರೆ ಮುಖ ತಿರುಗಿಸುತ್ತೇವೆ.

ಕಾನೂನಿನ ಸಂಗತಿ ತಿಳಿದಿರಬೇಕು. 1955ರ ಹಿಂದೂ ವಿವಾಹ ಕಾಯ್ದೆಯ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಸ್ವತಂತ್ರ ಧರ್ಮದ ನಮ್ಮ ಬೇಡಿಕೆ ಏನೇ ಇರಲಿ, ಇಂದು ನಮ್ಮ ಮದುವೆಗೂ ಬಿಡುಗಡೆಗೂ ಇದೇ ಕಾಯ್ದೆ. ಸೋಡಚೀಟಿ ಬರೆದುಕೊಟ್ಟರೆ ಮುಗಿಯಿತೆಂದು ನಂಬಿದವರು ಇನ್ನೂ ಇದ್ದಾರೆ. ರೂಢಿಯ ಬಿಡುಗಡೆಯನ್ನು 29ನೆಯ ಕಲಂ ಉಳಿಸಿಕೊಂಡಿದೆ ನಿಜ. ಆದರೆ ಆ ರೂಢಿ ತಮ್ಮ ಸಮುದಾಯದಲ್ಲಿ ಇದೆಯೆಂದು ಸಾಕ್ಷಿಸಮೇತ ಸಾಬೀತು ಮಾಡುವ ಹೊಣೆ ಅದನ್ನು ಹೇಳುವವರ ಮೇಲೆ ಬೀಳುತ್ತದೆ. ಸಾಬೀತಾಗದಿದ್ದರೆ ಎರಡನೆಯ ಮದುವೆಯೇ ಅಸಿಂಧು. ಅದರ ಪೆಟ್ಟು ಬೀಳುವುದು ಬಹುತೇಕ ಹೆಣ್ಣಿಗೆ. ಬಾಂಡ್ ಪೇಪರಿನ ಮೇಲೆ ಹಿರಿಯರ ಸಹಿ ಹಾಕಿಸಿ ಕಳಿಸುವುದನ್ನು ಮಠಗಳು ಇಂದೇ ನಿಲ್ಲಿಸಬೇಕು.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 1976ರಲ್ಲಿ ಸೇರಿಸಿದ 13ಬಿ ಕಲಂ ಇದೆ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು. ತಕ್ಕ ಕಾರಣವಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು 2017ರ ಸೆಪ್ಟೆಂಬರ್ 12ರಂದು ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಡಿಯೋ ಕಾನ್ಫರೆನ್ಸ್ ಬಳಸಬಹುದೆಂದೂ ಸೇರಿಸಿತು. ಒಂದು ತಿಂಗಳೊಳಗೆ, ಅಕ್ಟೋಬರ್ 9ರಂದು, ಸಂತಿನಿ ಪ್ರಕರಣದಲ್ಲಿ ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕೌಟುಂಬಿಕ ವ್ಯಾಜ್ಯದಲ್ಲಿ ಪರದೆಯ ಬಗ್ಗೆ ಅನುಮಾನ ತೋರಿದರು: ರಾಜಿಯ ಯತ್ನ ಎದುರುಬದುರು ಆಗಬೇಕು, ಅದು ವಿಫಲವಾದ ಮೇಲೆ ಇಬ್ಬರೂ ಕೂಡಿ ಕೇಳಿದರೆ ಮಾತ್ರ ವಿಡಿಯೋ ಎಂದರು. ನ್ಯಾಯಮೂರ್ತಿ ಚಂದ್ರಚೂಡ್ ಒಪ್ಪಲಿಲ್ಲ. ಆಮೇಲೆ ಕೊರೊನಾ ಬಂದು ನ್ಯಾಯಾಲಯಗಳೇ ಪರದೆಗೆ ಬಂದವು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಆನ್‌ಲೈನ್ ಮಧ್ಯಸ್ಥಿಕೆಗೆಂದೇ 30ನೆಯ ಕಲಂ ಇದೆ, ಅದಕ್ಕೆ ಎರಡೂ ಕಡೆಯವರ ಲಿಖಿತ ಒಪ್ಪಿಗೆ ಬೇಕು. ಆ ಕಾಯ್ದೆಯ ಕಲಮುಗಳೆಲ್ಲ ಒಮ್ಮೆಲೇ ಜಾರಿಗೆ ಬರಲಿಲ್ಲವಾದ್ದರಿಂದ ವಕೀಲರನ್ನು ಕೇಳಿಯೇ ಹೆಜ್ಜೆ ಇಡಬೇಕು. ಏನೇ ಆದರೂ ವಿಚ್ಛೇದನದ ಡಿಕ್ರಿ ಕೊಡುವುದು ನ್ಯಾಯಾಲಯ. ಮಠದಲ್ಲಿ ಆಗುವುದು ಜೀವನಾಂಶ, ಮಕ್ಕಳು, ಒಡವೆ, ಸಾಮಾನಿನ ಬಗ್ಗೆ ಒಪ್ಪಂದ ಮಾತ್ರ; ಅದನ್ನು 13ಬಿ ಅರ್ಜಿಯ ಜೊತೆ ಇಡಬೇಕು.

ಇಬ್ಬರು ನ್ಯಾಯಮೂರ್ತಿಗಳ ಅನುಮಾನ ಪೊಳ್ಳಲ್ಲ. ಯಂತ್ರದ ಮೇಲೆ ನನಗೆ ಭರವಸೆ ಹೆಚ್ಚು, ಆದರೂ ಹೇಳುತ್ತೇನೆ: ಪರದೆಯಲ್ಲಿ ಮುಖ ಕಾಣುತ್ತದೆ, ಫೋನಿನ ಹಿಂದೆ ನಿಂತ ಅತ್ತೆ ಕಾಣುವುದಿಲ್ಲ. ಯಾರು ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಿಲ್ಲದ ಹೆಣ್ಣುಮಗಳು ನಿಜ ಹೇಳಲಾರಳು. ಆದ್ದರಿಂದ ಆಕೆ ಮನೆಯಿಂದ ಮಾತಾಡಬಾರದು. ಮಠದಲ್ಲಿ ಬಾಗಿಲು ಹಾಕುವ ಒಂದು ಕೋಣೆ, ಒಳ್ಳೆಯ ಇಂಟರ್‌ನೆಟ್, ಜೊತೆಗೆ ಒಬ್ಬ ಹೆಣ್ಣುಮಗಳು ಇರಬೇಕು. ಅತ್ತ ಕಡೆಯವನು ಮಾತಿಗೆ ಮೊದಲು ಕ್ಯಾಮೆರಾ ಸುತ್ತ ತಿರುಗಿಸಿ ಕೋಣೆ ತೋರಿಸಬೇಕು. ಮಧ್ಯಸ್ಥರು ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಮಾತಾಡಬೇಕು. ರೆಕಾರ್ಡಿಂಗ್ ಕೂಡದು. ಅಲ್ಲಿ ಆಡಿದ ಮಾತು ಪೂಜ್ಯರ ಕಿವಿಗೂ ಹೋಗಕೂಡದು. ಇದು ಕಠಿಣವೆನಿಸಬಹುದು, ಆದರೆ ಮಠದ ಪಡಸಾಲೆಯಲ್ಲಿ ಆಡಿದ್ದು ಸಂಜೆಯೊಳಗೆ ಊರ ತುಂಬ ಆಗುವುದನ್ನು ನಾವೆಲ್ಲ ನೋಡಿದ್ದೇವೆ.

ಹೊಡೆತ ಬಡಿತ ಇದ್ದಲ್ಲಿ ಮಧ್ಯಸ್ಥಿಕೆಯೇ ಬೇಡ. ಹೆದರಿದವಳು ಒಪ್ಪಿದ್ದು ಒಪ್ಪಿಗೆಯಲ್ಲ. ಅಂಥವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಗಳಿದ್ದಾರೆ. 1987ರ ಕಾನೂನು ಸೇವಾ ಕಾಯ್ದೆಯಂತೆ ಯಾವ ಹೆಣ್ಣುಮಗಳಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಈ ಸಂಖ್ಯೆಯನ್ನು ದಾಸೋಹದ ಮನೆಯ ಗೋಡೆಯ ಮೇಲೆ ಬರೆಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಮಧ್ಯಸ್ಥರು ಯಾರಾಗಬೇಕು? ಮಾತಿನ ಮಲ್ಲರಲ್ಲ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆದಿದೆ. ನ್ಯಾಯಾಲಯಗಳಿಗೆ ಸೇರಿದ ಇಂಥ ಕೇಂದ್ರಗಳಲ್ಲಿ ಕೂಡುವವರಿಗೆ 40 ಗಂಟೆಗಳ ತರಬೇತಿ ಇರುತ್ತದೆ. ನಮ್ಮಲ್ಲಿ ನಿವೃತ್ತ ಶಿಕ್ಷಕಿಯರಿದ್ದಾರೆ, ವಕೀಲ ವೃತ್ತಿಯ ಹೆಣ್ಣುಮಕ್ಕಳಿದ್ದಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕುಗಳ ಮಠಗಳು ಕೂಡಿ ಆರು ಮಂದಿಯನ್ನು ಆರಿಸಿ, ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಹೆಣ್ಣುಮಕ್ಕಳನ್ನು ಸೇರಿಸಿ, ತರಬೇತಿಗೆ ಕಳಿಸಲಿ. ಕೋಣೆ, ಕಂಪ್ಯೂಟರಿನ ಖರ್ಚು ಜಾತ್ರೆಯ ಪೆಂಡಾಲಿನ ಖರ್ಚನ್ನು ಮೀರುವುದಿಲ್ಲ. ಸಾಮೂಹಿಕ ವಿವಾಹಕ್ಕೆ ದಾಸೋಹ ನಡೆಸುವ ಭಕ್ತರು ಇದಕ್ಕೂ ಕೈಜೋಡಿಸಬಹುದು. ಮದುವೆ ಮಾಡಿಸಿದ ಮಠಕ್ಕೆ ಆಮೇಲಿನ ಹೊಣೆಯೂ ಸ್ವಲ್ಪ ಇದ್ದೇ ಇದೆ. ಶ್ರಾವಣದ ಪ್ರವಚನಕ್ಕೆ ಎಲ್ಲ ಮಠಗಳಲ್ಲೂ ಜನ ಸೇರುತ್ತಾರೆ. ಅಷ್ಟರೊಳಗೆ ಆರು ಹೆಸರುಗಳು ನಿಶ್ಚಯವಾದರೆ ಅಲ್ಲಿಯೇ ಓದಿ ಹೇಳಬಹುದು.