ಮುತ್ತು ಅಳೆದದ್ದು ನೆನಪಿದೆ, ಕೆರೆ ಅಗೆದದ್ದು?

ಆಗಸ್ಟ್ 15 ಇರಲಿ, ನವೆಂಬರ್ 1 ಇರಲಿ, ನಮ್ಮ ಐಟಿ ಆಫೀಸುಗಳ ಭಾಷಣಕ್ಕೆ ಎರಡೇ ಸ್ಲೈಡು ಸಾಕು. ಮೊದಲನೆಯದರಲ್ಲಿ ಹಂಪಿಯ ಕಲ್ಲಿನ ರಥ, ಬೀದಿಬದಿಯಲ್ಲಿ ಸೇರುಗಟ್ಟಲೆ ಮುತ್ತು ರತ್ನ. ಎರಡನೆಯದರಲ್ಲಿ 2047ರ ಭಾರತ: ಬುಲೆಟ್ ಟ್ರೇನು, ಗಾಜಿನ ಕಟ್ಟಡ, ಮೂಲೆಯಲ್ಲೊಂದು ರಾಕೆಟ್ಟು. ನಡುವಿನ ನಾನೂರು ಚಿಲ್ಲರೆ ವರ್ಷ ಯಾರೋ ಬಂದು ಲೂಟಿ ಮಾಡಿದರು, ಅಷ್ಟೆ. ಚಪ್ಪಾಳೆ. ಆಮೇಲೆ ಹೋಳಿಗೆ ಊಟ.

ಹೋಳಿಗೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಎರಡೂ ಸ್ಲೈಡಿನಲ್ಲಿ ಕೆಲಸ ಮಾಡೋ ಒಬ್ಬ ಮನುಷ್ಯನೂ ಕಾಣಲ್ಲವಲ್ಲ?

ನಾವು ಬಾಡಿಗೆ ಕಟ್ಟೋ ಈ ಊರಿನ ಹೆಸರನ್ನೇ ತಗೊಳ್ಳಿ. ವೀರಬಲ್ಲಾಳ ದಾರಿ ತಪ್ಪಿ ಬಂದ, ಅಜ್ಜಿ ಬೆಂದ ಕಾಳು ಕೊಟ್ಟಳು, ಬೆಂದಕಾಳೂರಾಯ್ತು ಅನ್ನೋ ಕಥೆ ಎಲ್ಲರಿಗೂ ಬಾಯಿಪಾಠ. ಬಲ್ಲಾಳನಿಗಿಂತ ಸುಮಾರು 300 ವರ್ಷ ಹಿಂದೆ, ಗಂಗರ ಕಾಲದಲ್ಲೇ, ಬೇಗೂರಿನ ಕಲ್ಲೊಂದರ ಮೇಲೆ ಬೆಂಗಳೂರು ಅನ್ನೋ ಹೆಸರು ಕೆತ್ತಿಯಾಗಿತ್ತು. ಇಲ್ಲಿ ನಡೆದ ಒಂದು ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲದು. ಬೇಗೂರು ಹೊಸೂರು ರಸ್ತೆಯಿಂದ ಸ್ವಲ್ಪ ಒಳಗಿದೆ. ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗೋರಲ್ಲಿ ಎಷ್ಟು ಜನ ಅದನ್ನ ನೋಡಿದ್ದೀರಿ? ಅಲ್ಲಿ ರಾಜ ಊಟ ಮಾಡಲಿಲ್ಲ, ಹಾಗಾಗಿ ನಮಗದು ಕಥೆಯೇ ಅಲ್ಲ.

ಸರಿ, ವಿಜಯನಗರವೇ ಬೇಕು ಅಂತೀರಾ? ಇಟ್ಕೊಳ್ಳಿ. ಇವತ್ತಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನವಿದೆ, 1369ರದ್ದು. ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗ, ಬರಬಾರದ ಆರು ದೋಷ ಅಂತ ಪಟ್ಟಿ ಮಾಡಿದ್ದಾರೆ. ಏರಿಯಲ್ಲಿ ನೀರು ಜಿನುಗೋದು ದೋಷ, ಚೌಳು ಮಣ್ಣು ದೋಷ, ಎರಡು ರಾಜ್ಯದ ಗಡಿಯಲ್ಲಿ ಕಟ್ಟೋದೂ ದೋಷ! (ನಮ್ಮ ಎಷ್ಟು ಪ್ರಾಜೆಕ್ಟುಗಳು ಎರಡು ಟೀಮಿನ ಗಡಿಯಲ್ಲೇ ಸತ್ತಿವೆ, ನೆನಪಿಸಿಕೊಳ್ಳಿ.) ದಿನಕ್ಕೆ ಸಾವಿರ ಕೂಲಿಯಾಳು, ನೂರು ಗಾಡಿ, ಎರಡು ವರ್ಷದ ಕೆಲಸ ಅನ್ನೋ ಲೆಕ್ಕವೂ ಉಂಟು. ಹಂಪಿ ಬಜಾರಿನ ಮುತ್ತಿನ ಹಿಂದೆ ಇಂಥ ನೀರಿತ್ತು, ಆ ನೀರಿನ ಹಿಂದೆ ಇಂಥ ಆಳುಗಳಿದ್ದರು. ಇದನ್ನ ಯಾರೂ ಸ್ಲೈಡಿಗೆ ಹಾಕಲ್ಲ.

ಹಾಗಂತ ಹಳೇದೆಲ್ಲ ಬಂಗಾರ ಅಂತ ನಾನೂ ಹಾಡೋಕೆ ಬಂದಿಲ್ಲ. ನಮ್ಮಜ್ಜನ ಕಾಲದಲ್ಲಿ ನಮ್ಮೂರ ನೀರುಗಂಟಿ ತೂಬು ಎತ್ತಿ ಎಲ್ಲರ ಗದ್ದೆಗೂ ನೀರು ಬಿಡ್ತಿದ್ದ. ಊರಬಾವಿಯಿಂದ ಒಂದು ಬಿಂದಿಗೆ ಸೇದೋ ಹಕ್ಕು ಮಾತ್ರ ಅವನಿಗಿರಲಿಲ್ಲ. ಸುವರ್ಣಯುಗ ಅನ್ನುವಾಗ ಯಾರ ಸುವರ್ಣ ಅಂತ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ ಬಿಡಿ.

ಈಗ ಎರಡನೇ ಸ್ಲೈಡು. ಧರ್ಮಾಂಬುಧಿ ಕೆರೆಯಿದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಅವರಿಗೂ ಆಗ ಭವಿಷ್ಯದ ಚಿತ್ರ ತೋರಿಸಿಯೇ ತೋರಿಸಿರ್ತಾರೆ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಮುಳುಗಿದಾಗ ಲ್ಯಾಪ್‌ಟಾಪ್ ಬ್ಯಾಗ್ ಎದೆಗವುಚಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರು ನಮ್ಮವರೇ. ಕೆರೆಯಿಂದ ಕೆರೆಗೆ ಕೋಡಿ ನೀರು ಹರಿಯೋ ದಾರಿಯನ್ನ ಮುಚ್ಚಿ, ಅದರ ಮೇಲೆ ನಾಳೆಯನ್ನ ಕಟ್ಟಿದ್ದೆವು. ನೀರಿಗೆ ಮಾತ್ರ ತನ್ನ ಹಳೇ ದಾರಿ ಮರೆತಿರಲಿಲ್ಲ.

ಡೆಮೊ ಕೊಟ್ಟವನಿಗೆ ಬಡ್ತಿ, ರಾತ್ರಿ ಎರಡು ಗಂಟೆಗೆ ಎದ್ದು ಸರ್ವರ್ ಸರಿ ಮಾಡಿದವನಿಗೆ ಒಂದು ಥ್ಯಾಂಕ್ಸ್ ಮೇಲ್. ನಮ್ಮ ಆಫೀಸುಗಳ ಈ ಗುಣ ನಮ್ಮ ದೇಶಪ್ರೇಮಕ್ಕೂ ಅಂಟಿದೆ. ರಾಜನಿಗೆ ಪ್ರತಿಮೆ, ರಾಕೆಟ್ಟಿಗೆ ಚಪ್ಪಾಳೆ. ರಾಜಕಾಲುವೆಗೆ ಇಳಿದು ಹೂಳೆತ್ತುವವನ ಹೆಸರು ನಿಮ್ಮ ಬಡಾವಣೆಯಲ್ಲಿ ಯಾರಿಗಾದರೂ ಗೊತ್ತಾ?

"ಹಾಗಾದ್ರೆ ಹೆಮ್ಮೆ ಪಡಲೇಬಾರದಾ ಗುರು?" ಪಡಿ. ಮುಂದಿನ ನವೆಂಬರಿಗೆ ಟೀಮನ್ನ ಒಂದು ವ್ಯಾನಿನಲ್ಲಿ ಬೇಗೂರಿಗೆ ಕರ್ಕೊಂಡು ಹೋಗಿ, ಕಲ್ಲಿನ ವಿಷಯ ತಿಳ್ಕೊಳ್ಳಿ. ಅಲ್ಲೇ ಹತ್ತಿರ ಬೇಗೂರು ಕೆರೆಯಿದೆ. ಅದರ ಕೋಡಿ ನೀರು ಯಾವ ಕಡೆ ಹೋಗುತ್ತೆ ಅಂತ ನಡೆದು ನೋಡಿ. 2047ರ ಸ್ಲೈಡನ್ನ ಆಮೇಲೆ ಮಾಡೋಣ.